ಆಮೋಲ್ ಪೇಟೆಯ ಗಾಡಿ ಕುದುರೆ

ಲೂಯಿಸ್ ಫಿರೂಜ್ 1965ರಲ್ಲಿ ಕ್ಯಾಸ್ಪಿಯನ್ ಸಮುದ್ರದ ಕಡೆಗೆ ಹೊರಟದ್ದು ಇತಿಹಾಸ ಹುಡುಕಲಿಕ್ಕಲ್ಲ. ಮಕ್ಕಳು ಹತ್ತುವಂಥ ಕುದುರೆ ಬೇಕಿತ್ತು, ಅಷ್ಟೇ. ಅಮೆರಿಕದಲ್ಲಿ ಹುಟ್ಟಿ, ಇರಾನಿನ ರಾಜಮನೆತನದ ನಂಟಿದ್ದ ನಾರ್ಸಿ ಫಿರೂಜ್ ಅವರ ಕೈಹಿಡಿದು ಟೆಹರಾನ್ ಬಳಿ ನೆಲೆಸಿದ್ದವರು ಲೂಯಿಸ್. ಗಂಡ ಹೆಂಡತಿ ಸೇರಿ ನೊರೂಜಾಬಾದಿನಲ್ಲಿ ಸವಾರಿ ಶಾಲೆ ನಡೆಸುತ್ತಿದ್ದರು. ಅಲ್ಲಿನ ಎತ್ತರದ, ಬಿಸಿರಕ್ತದ ಗಂಡು ಕುದುರೆಗಳು ಮಕ್ಕಳ ಕೈಗೆ ಬಗ್ಗುವಂಥವಲ್ಲ. ಎಲ್ಬುರ್ಜ್ ಬೆಟ್ಟಗಳಾಚೆಯ ಹಳ್ಳಿಗಳಲ್ಲಿ ತೀರಾ ಗಿಡ್ಡ ಕುದುರೆಗಳಿವೆ ಎಂಬ ಸುದ್ದಿ ಕಿವಿಗೆ ಬಿತ್ತು. ಹೊರಟರು.

ಆಮೋಲ್ ಪಟ್ಟಣದಲ್ಲಿ ಕೆಂಗಂದು ಬಣ್ಣದ ಪುಟ್ಟ ಗಂಡು ಕುದುರೆಯೊಂದು ಭಾರದ ಗಾಡಿ ಎಳೆಯುತ್ತಿತ್ತು. ಊರಿನವರಿಗೆ ಅದರಲ್ಲೇನೂ ವಿಶೇಷವಿಲ್ಲ. ನಮ್ಮಲ್ಲಿ ಜಟಕಾ ಕುದುರೆಯನ್ನು ಯಾರು ನಿಂತು ನೋಡುತ್ತಿದ್ದರು? ಲೂಯಿಸ್ ನಿಂತು ನೋಡಿದರು. ಎತ್ತರ ನಾಲ್ಕಡಿಗಿಂತ ಕಡಿಮೆ. ಆದರೆ ತಟ್ಟುಗಳ ಮೊಂಡು ಕಾಲು, ಡೊಳ್ಳು ಹೊಟ್ಟೆ, ದಪ್ಪ ಕತ್ತು ಇದಕ್ಕಿರಲಿಲ್ಲ. ಉಬ್ಬಿದ ಹಣೆ, ದೊಡ್ಡ ಕಣ್ಣು, ಚಿಕ್ಕ ಕಿವಿ, ಸಪೂರ ಕಾಲು. ಲಾಳವಿಲ್ಲದೆಯೂ ಕಲ್ಲುದಾರಿ ತಾಳುವ ಗಟ್ಟಿ ಗೊರಸು. ಅರಬ್ಬಿ ಕುದುರೆಯ ಅಂದವೆಲ್ಲ ಅರ್ಧ ಅಳತೆಯಲ್ಲಿ ಬಂದಿತ್ತು. ಅದನ್ನೂ ಇನ್ನೆರಡನ್ನೂ ಕೊಂಡರು. ಮೊದಲನೆಯದಕ್ಕೆ ಉಸ್ತಾದ್ ಎಂದು ಹೆಸರಿಟ್ಟರು. ಶಾಲೆಯ ಮಕ್ಕಳು ಅದಕ್ಕೆ ಬೇಗ ಒಗ್ಗಿಕೊಂಡರು.

ನಿಜವಾದ ಶೋಧ ಶುರುವಾದದ್ದು ಆಮೇಲೆ ಎಂದೇ ನನ್ನ ಎಣಿಕೆ. ಇದೊಂದು ತಳಿಯೇ, ಇಲ್ಲ ಮೇವಿಲ್ಲದೆ ಕುಗ್ಗಿದ ಬಡ ಕುದುರೆಯೇ? ಕುಗ್ಗಿದ್ದಾದರೆ, ಒಳ್ಳೆ ಮೇವು ಕಂಡ ಮೇಲೆ ಮರಿಗಳಾದರೂ ಎತ್ತರಕ್ಕೆ ಬೆಳೆಯಬೇಕು. ನೊರೂಜಾಬಾದಿನಲ್ಲಿ ಹೊಟ್ಟೆ ತುಂಬ ತಿಂದ ತಾಯಂದಿರಿಗೆ ಹುಟ್ಟಿದ ಮರಿಗಳೂ ಗಿಡ್ಡವಾಗಿಯೇ ಉಳಿದವು. ಅದೇ ಹಣೆ, ಅದೇ ಕಾಲು. ಅಲ್ಲಿಗೆ ತಳಿಯೆಂಬುದು ಖಾತ್ರಿ. ಜೊತೆಗೆ ಲೂಯಿಸ್ 1965ರಿಂದ 68ರವರೆಗೆ ಕರಾವಳಿಯ ಹಳ್ಳಿಗಳಲ್ಲಿ ಎಣಿಕೆ ನಡೆಸಿದರು. ಇಡೀ ದಕ್ಷಿಣ ತೀರದಲ್ಲಿ ಉಳಿದಿದ್ದವು ಸುಮಾರು 50. ಅವುಗಳಲ್ಲಿ ಮೂವತ್ತರಷ್ಟು ಆಮೋಲ್, ಬಾಬೋಲ್, ಕಿಯಾಕೋಲಾ ಊರುಗಳ ಆಸುಪಾಸಿನಲ್ಲೇ ಇದ್ದವು. ಏಳು ಹೆಣ್ಣು, ಆರು ಗಂಡು ಆರಿಸಿ ಮಂದೆ ಕಟ್ಟಿದರು.

ತಳಿಯೆಂದಾದ ಮೇಲೆ, ಎಷ್ಟು ಹಳೆಯದೆಂಬ ಪ್ರಶ್ನೆ. ಪ್ರಾಚೀನ ಪರ್ಷಿಯದ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ, ಅಪಾದಾನವೆಂಬ ಸಭಾಂಗಣದ ಮೆಟ್ಟಿಲ ಗೋಡೆಯಲ್ಲಿ, ಚಕ್ರವರ್ತಿಗೆ ಕಾಣಿಕೆ ಒಯ್ಯುವವರ ನಡುವೆ, ಸೊಂಟದೆತ್ತರದ ಕುದುರೆಗಳಿವೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಪರ್ಷಿಯದ ದೊರೆ ಡೇರಿಯಸ್‌ನ ಮುದ್ರೆಯಲ್ಲೂ ಸಿಂಹದ ಬೇಟೆಗೆ ಹೊರಟ ರಥವನ್ನು ಎಳೆಯುವುದು ಚಿಕ್ಕ ಕುದುರೆಗಳೇ. ಸಾವಿರ ವರ್ಷಕ್ಕೂ ಹಿಂದೆಯೇ ಅಳಿದುಹೋಯಿತೆಂದು ನಂಬಿದ್ದ ಆ ಕುದುರೆ ಇದೇ ಎಂಬುದು ಲೂಯಿಸ್ ವಾದ. ದೊರೆ ದೊಡ್ಡವನಾಗಿ ಕಾಣಲೆಂದು ಕುದುರೆಯನ್ನು ಕಿರಿದು ಮಾಡುವುದು ಶಿಲ್ಪಿಗಳಿಗೆ ಹೊಸದೇನಲ್ಲ, ಹಾಗಾಗಿ ಕಲ್ಲಿನ ಸಾಕ್ಷಿಯೊಂದನ್ನೇ ನಾನು ನೆಚ್ಚಲಾರೆ. ಮರಿಗಳ ಸಾಕ್ಷಿಯೇ ಹೆಚ್ಚು ಗಟ್ಟಿ.

ಮುಂದಿನದು ಸುಖದ ಕತೆಯಲ್ಲ. 1970ರಲ್ಲಿ ಸ್ಥಾಪನೆಯಾದ ರಾಯಲ್ ಹಾರ್ಸ್ ಸೊಸೈಟಿ ಆ ಮಂದೆಯನ್ನು ಕೊಂಡಿತು. ಲೂಯಿಸ್ ತುರ್ಕಮೆನ್ ಬಯಲಿನಲ್ಲಿ ಇನ್ನೊಂದು ಮಂದೆ ಕಟ್ಟಿದರೆ ಅದರ ಮೇಲೆ ತೋಳಗಳು ಬಿದ್ದವು. 1979ರ ಕ್ರಾಂತಿಯ ನಂತರ ದಂಪತಿ ಸೆರೆವಾಸ ಕಂಡರು, ಕುದುರೆಗಳು ಚೆದುರಿದವು. ಅಷ್ಟರಲ್ಲಿ ಒಂದಷ್ಟು ಕುದುರೆಗಳು ಬ್ರಿಟನ್ ಸೇರಿದ್ದವು; ಪ್ರಿನ್ಸ್ ಫಿಲಿಪ್‌ಗೆ ಉಡುಗೊರೆಯಾಗಿ ಹೋದ ಜೋಡಿಯೂ ಅವುಗಳಲ್ಲಿ ಸೇರಿತ್ತು. ಲೂಯಿಸ್ ಮತ್ತೆ ಮೊದಲಿನಿಂದ ಆರಂಭಿಸಿ, 1990ರ ದಶಕದಲ್ಲಿ ಇನ್ನೊಂದು ತಂಡವನ್ನು ಯುದ್ಧದ ನೆಲ ದಾಟಿಸಿ ಬ್ರಿಟನ್ನಿಗೇ ಕಳಿಸಿದರು. 2008ರಲ್ಲಿ ತೀರಿಕೊಳ್ಳುವವರೆಗೂ ಇರಾನಿನಲ್ಲೇ ಕುದುರೆ ಸಾಕುತ್ತಿದ್ದರು. ಇರಾನಿನಾಚೆ ಇವತ್ತಿರುವ ಕ್ಯಾಸ್ಪಿಯನ್ ಕುದುರೆಗಳ ವಂಶಾವಳಿ ಹಿಡಿದು ಹೊರಟರೆ ಬಹುಪಾಲು ಹೋಗಿ ಮುಟ್ಟುವುದು ಲೂಯಿಸ್ ಕಳಿಸಿದ ಆ ಕೆಲವೇ ಕುದುರೆಗಳನ್ನು.