ಧ್ವನಿವರ್ಧಕದಲ್ಲಿ ಸಂಕೋಚಕ ಮತ್ತು ಮಿತಿಕಾರಕಗಳ ಕಾರ್ಯ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿಗೆ ಸೇರಿದ ಮಂಗಸೂಳಿ ಖಂಡೋಬನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಇಂಥ ಕ್ಷೇತ್ರಗಳ ಜಾತ್ರೆಯಲ್ಲಿ ಒಂದೇ ಧ್ವನಿವರ್ಧಕವು ಎರಡು ಬಗೆಯ ಧ್ವನಿಗಳನ್ನು ಹೊರಬೇಕಾಗುತ್ತದೆ. ಜನಜಂಗುಳಿಯಲ್ಲಿ ತಪ್ಪಿಹೋದ ಮಗುವಿನ ಗುರುತು ಹೇಳುವ ಮೆಲುದನಿ ಒಂದು. ಡೊಳ್ಳಿನ ಪೆಟ್ಟು ಇನ್ನೊಂದು. ಮಾತು ಕೇಳಲೆಂದು ಪ್ರಮಾಣವನ್ನು ಏರಿಸಿದರೆ ಡೊಳ್ಳಿನ ಧ್ವನಿ ಕಿವಿಗೆ ಬಡಿಯುತ್ತದೆ; ಡೊಳ್ಳಿಗೆ ತಕ್ಕಂತೆ ಇಳಿಸಿದರೆ ಮಾತು ಮುಳುಗಿಹೋಗುತ್ತದೆ. ಈ ಅಂತರವನ್ನು ಕುಗ್ಗಿಸುವ ಸಾಧನವೇ ಕಂಪ್ರೆಸರ್, ಎಂದರೆ ಸಂಕೋಚಕ.

ಸಂಕೋಚಕಕ್ಕೆ ಒಂದು ಹೊಸ್ತಿಲನ್ನು ಗೊತ್ತುಮಾಡಿರುತ್ತಾರೆ. ಅದರ ಕೆಳಗಿನ ಧ್ವನಿ ಇದ್ದಂತೆಯೇ ಸಾಗುತ್ತದೆ; ಮೀರಿದ ಭಾಗ ಮಾತ್ರ ಒಂದು ಅನುಪಾತದಲ್ಲಿ ತಗ್ಗುತ್ತದೆ. ಅನುಪಾತವು ೪:೧ ಆಗಿದ್ದರೆ, ಹೊಸ್ತಿಲನ್ನು ೧೨ ಡೆಸಿಬೆಲ್ ಮೀರಿ ಬಂದ ಪೆಟ್ಟು ೩ ಡೆಸಿಬೆಲ್ ಮಾತ್ರ ಮೀರಿ ಹೊರಬೀಳುತ್ತದೆ. ಹೀಗೆ ತಗ್ಗಿದ ೯ ಡೆಸಿಬೆಲ್ ಅಲ್ಪವಲ್ಲ; ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು ಎಂಟನೆಯ ಒಂದು ಪಾಲಿಗೆ ಇಳಿದಂತೆ. ಅನುಪಾತವು ೧೦:೧ ಅಥವಾ ಅದಕ್ಕಿಂತ ಹೆಚ್ಚಾದಾಗ ಸಾಧನವು ಲಿಮಿಟರ್, ಎಂದರೆ ಮಿತಿಕಾರಕ, ಎನಿಸಿಕೊಳ್ಳುತ್ತದೆ. ಗೊತ್ತಾದ ಎಲ್ಲೆಯನ್ನು ಯಾವ ಪೆಟ್ಟೂ ಮೀರದಂತೆ ತಡೆದು ಸ್ಪೀಕರನ್ನು ರಕ್ಷಿಸುವುದು ಇದರ ಕೆಲಸ.

ಇಲ್ಲಿ ಕಾಲದ ಅಂಶವೂ ಮುಖ್ಯ. ಸಾಧನವು ಎಚ್ಚರಗೊಳ್ಳುವುದು ಕೆಲವು ಮಿಲಿಸೆಕೆಂಡು ತಡವಾದರೂ ಡೊಳ್ಳಿನ ಮೊದಲ ಹೊಡೆತ ತಪ್ಪಿಸಿಕೊಂಡು ಹೋಗುತ್ತದೆ. ಹಿಡಿತವನ್ನು ಅತಿಬೇಗ ಸಡಿಲಿಸಿದರೆ ಧ್ವನಿ ವಿಕಾರವಾಗುತ್ತದೆ. ಅತಿನಿಧಾನವಾದರೆ ಪೆಟ್ಟಿನ ಹಿಂದೆಯೇ ಬರುವ ಮಾತೂ ಕುಗ್ಗುತ್ತದೆ.

ಸಂಕೋಚಕವಿದ್ದ ಮಾತ್ರಕ್ಕೆ ಗದ್ದಲ ತಗ್ಗುತ್ತದೆಂದು ಭಾವಿಸುವುದು ಸರಿಯಲ್ಲ. ಮೇಲಿನ ಉದಾಹರಣೆಯಲ್ಲಿ ತಗ್ಗಿದ ೯ ಡೆಸಿಬೆಲನ್ನು ಒಟ್ಟು ಧ್ವನಿಗೆ ಮರಳಿ ಕೂಡಿಸಿದರೆ ಡೊಳ್ಳಿನ ಶಿಖರ ಮೊದಲಿನಷ್ಟೇ ಆಗುತ್ತದೆ; ಹೊಸ್ತಿಲಿನ ಕೆಳಗಿನ ಧ್ವನಿಯೆಲ್ಲವೂ ೯ ಡೆಸಿಬೆಲ್ ಮೇಲೇರುತ್ತದೆ. ಮಾತು ಸ್ಪಷ್ಟವಾಗುವುದು ನಿಜ; ಆದರೆ ಸರಾಸರಿ ಶಬ್ದವೂ ಏರುತ್ತದೆ, ಮೈಕು ಕೂಗಿಡುವ ಸಂಭವವೂ ಹೆಚ್ಚುತ್ತದೆ.

೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್‌ಗಳನ್ನು ಗೊತ್ತುಮಾಡಿವೆ. ಧ್ವನಿವರ್ಧಕವಿರುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಶಬ್ದವು ಈ ಮಟ್ಟಕ್ಕಿಂತ ೧೦ ಡೆಸಿಬೆಲ್ ಮಾತ್ರ ಹೆಚ್ಚಿರಬಹುದು. ಈ ಪರಿಮಾಣಗಳು ಕ್ಷಣದ ಶಿಖರವನ್ನಲ್ಲ, ಕಾಲದ ಸರಾಸರಿಯನ್ನು ಹೇಳುತ್ತವೆ. ಮಿತಿಕಾರಕವಾದರೋ ತಂತಿಯೊಳಗಿನ ವಿದ್ಯುತ್ತಿನ ಮಟ್ಟವನ್ನು ಮಾತ್ರ ಬಲ್ಲದು; ಸ್ಪೀಕರುಗಳು ಎಷ್ಟು, ನೆರೆಮನೆ ಎಷ್ಟು ದೂರ ಎಂಬುದು ಅದಕ್ಕೆ ತಿಳಿಯದು.

ಆದುದರಿಂದ ಮೊದಲು ಶಬ್ದಮಾಪಕವನ್ನು ಸ್ಥಳದ ಗಡಿಯಲ್ಲಿಟ್ಟು ಅಳೆದು, ಒಟ್ಟು ಪ್ರಮಾಣವನ್ನು ನಿಶ್ಚಯಿಸಬೇಕು. ಸಂಕೋಚಕದ ಹೊಸ್ತಿಲನ್ನೂ ಮಿತಿಕಾರಕದ ಎಲ್ಲೆಯನ್ನೂ ಇಡುವುದು ಅನಂತರದ ಕೆಲಸ. ಹೀಗೆ ಮಾಡಿದಾಗ ಕರೆಯುವವನ ಮಾತು ಜಾತ್ರೆಯ ಅಂಚಿನವರೆಗೂ ಸಲ್ಲುವುದು, ಊರಿನ ನಿದ್ರೆಗೂ ಭಂಗ ಬಾರದು.