ಗೋಡೆಯ ನುಣುಪು, ನಮ್ಮ ಅವಸರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆ ಎರಡನ್ನೂ ಒಂದೇ ಬೇಸಿಗೆಯಲ್ಲಿ ಕೈಗೆತ್ತಿಕೊಂಡವರ ಪಾಡೇನೆಂಬುದನ್ನು ನಾವು ಸ್ವಾನುಭವದಿಂದ ಅರಿತೆವು. ಧಾರವಾಡದ ನಮ್ಮ ಮನೆಯ ಮುಂದೆ ಹೊಸದೊಂದು ಕೋಣೆಯನ್ನು ಕಟ್ಟಿಸಿದ್ದೆವು. ಮಗಳ ಮದುವೆ ಹತ್ತಿರ ಬಂದಿತ್ತು. ಹೊರಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಹತ್ತು ದಿನಗಳಷ್ಟೇ ಆಗಿದ್ದವು. ಬೀಗರು ಬರುವುದರೊಳಗೆ ಅದರ ಮೇಲೆ ಅಕ್ರಿಲಿಕ್ ಗಿಲಾವಿನ ಲೇಪವಾಗಿ ಗೋಡೆ ನುಣ್ಣಗೆ ಕಾಣಬೇಕೆಂಬುದು ನಮ್ಮ ಹಟ. ವಯಸ್ಸಾದ ಗೌಂಡಿಯವರು ಗೋಡೆಗೆ ಅಂಗೈ ಒತ್ತಿ, “ಗ್ವಾಡಿ ಇನ್ನಾ ಹಸಿ ಐತ್ರೀ ಅಪ್ಪಾರ, ಸ್ವಲ್ಪ ದಿನಾ ತಡೀರಿ” ಎಂದರು. ನಾವು ತಡೆಯಲಿಲ್ಲ.

ಮದುವೆಯ ದಿನ ಗೋಡೆ ಅಂದವಾಗಿಯೇ ಇತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ಬಿಳಿಯ ಲವಣ ಹೊಮ್ಮಿತು. ಲೇಪವು ಹಪ್ಪಳದಂತೆ ಉಬ್ಬಿ ಕಳಚತೊಡಗಿತು. ತಪ್ಪನ್ನು ನಾವು ಹೊರಿಸಿದ್ದು ಗೌಂಡಿಯವರ ಮೇಲೆ. ಕೊಡಬೇಕಾಗಿದ್ದ ಕೊನೆಯ ಕಂತನ್ನೂ ತಡೆಹಿಡಿದೆವು. ಆ ತಪ್ಪು ಯಾರದೆಂಬುದು ಮುಂದೆ ತಿಳಿಯಿತು.

ಏನಿದು ಅಕ್ರಿಲಿಕ್?

ಅಕ್ರಿಲಿಕ್ ಎಂಬುದು ಒಂದು ಬಗೆಯ ಕೃತಕ ರಾಳ. ಜರ್ಮನಿಯ ಓಟೋ ರೋಮ್ 1901ರಲ್ಲಿಯೇ ಇದರ ಕುರಿತು ಸಂಶೋಧನ ಪ್ರಬಂಧ ಬರೆದರು. ಅವರು ಪಾಲುದಾರರಾಗಿ ಸ್ಥಾಪಿಸಿದ ಉದ್ಯಮದ ಅಮೆರಿಕ ಶಾಖೆಯಿಂದ ಬೆಳೆದ ಕಂಪನಿಯು, ನೀರಿನಲ್ಲಿ ಬೆರೆಯುವ ಅಕ್ರಿಲಿಕ್ಕನ್ನು ಗೋಡೆಯ ಬಣ್ಣಕ್ಕೆಂದು 1953ರಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಇದು ಗಿಲಾವಿನಲ್ಲಿಯೂ ಸೇರಿದೆ. ಸಿಮೆಂಟು-ಮರಳಿನ ಮಿಶ್ರಣಕ್ಕೆ ಅಕ್ರಿಲಿಕ್ ದ್ರವ ಸೇರಿಸುವುದು ಒಂದು ಬಗೆ. ಡಬ್ಬಿಯಲ್ಲಿಯೇ ಸಿದ್ಧವಾಗಿ ಬರುವ ಲೇಪ ಇನ್ನೊಂದು ಬಗೆ. ಎರಡೂ ಬರಿಯ ಸಿಮೆಂಟಿಗಿಂತ ತುಸು ಬಾಗುವ ಗುಣವುಳ್ಳವು. ಆದ್ದರಿಂದ ಕೂದಲೆಳೆಯಂತಹ ಬಿರುಕುಗಳು ಕಡಿಮೆ. ಮಳೆನೀರನ್ನೂ ಚೆನ್ನಾಗಿ ತಡೆಯುತ್ತವೆ. ಆದರೆ ಹೊರಗಿನ ನೀರನ್ನು ತಡೆಯುವ ಲೇಪ ಒಳಗಿನ ಹಸಿಯನ್ನೂ ಸರಾಗವಾಗಿ ಹೊರಬಿಡದು. ನಮ್ಮ ಗೋಡೆ ಕೆಟ್ಟದ್ದು ಇದೇ ಕಾರಣದಿಂದ.

ತಳ ಮೊದಲು ಸಿದ್ಧವಾಗಲಿ

ಹೊಸ ಸಿಮೆಂಟ್ ಗಿಲಾವಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಬಳಿಕ ಅದನ್ನು ಒಣಗಲು ಬಿಡಬೇಕು. ಗಿಲಾವು ಮುಗಿದ ದಿನದಿಂದ ಎಣಿಸಿ ಸುಮಾರು 28 ದಿನ ಕಾಯುವುದು ರೂಢಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಒಣಗಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಅಂಟಿಸಿ ಇಡೀ ರಾತ್ರಿ ಗೋಡೆಯ ಮೇಲೆ ಬಿಡಿರಿ. ಬೆಳಿಗ್ಗೆ ಹಾಳೆಯ ಒಳಬದಿಯಲ್ಲಿ ಹನಿಗಳು ಕಂಡರೆ ಗೋಡೆ ಇನ್ನೂ ಹಸಿಯೆಂದೇ ಅರ್ಥ.

ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಬೇಕು. ಟೊಳ್ಳು ಸದ್ದು ಬಂದ ಕಡೆ ಕೆತ್ತಿ ತೆಗೆದು ಹೊಸದಾಗಿ ಗಿಲಾವು ಮಾಡಿಸಬೇಕು. ಉದ್ದನೆಯ ಮಟ್ಟಗೋಲನ್ನು ಅಡ್ಡಲಾಗಿಯೂ ನೆಟ್ಟಗೂ ಇಟ್ಟರೆ ಉಬ್ಬು-ತಗ್ಗುಗಳು ತಿಳಿಯುವುವು. ಸಂಜೆ ಗೋಡೆಯ ಬದಿಗೆ ಬ್ಯಾಟರಿ ದೀಪ ಹಿಡಿದರೆ ಸಣ್ಣ ಕುಳಿಯೂ ನೆರಳಾಗಿ ಕಾಣುವುದು. ಇವನ್ನೆಲ್ಲ ಮೊದಲೇ ಸರಿಪಡಿಸಬೇಕು. ಎರಡು ಮಿಲಿಮೀಟರಿನ ತೆಳು ಲೇಪವು ತಳದ ಓರೆಕೋರೆಗಳನ್ನು ಮುಚ್ಚಲಾರದು. ಧೂಳನ್ನು ಒರೆಸಿ, ಲೇಪಕ್ಕೆ ಒಪ್ಪುವ ಪ್ರೈಮರ್ ಬಳಿದ ಮೇಲೆಯೇ ಮುಂದಿನ ಕೆಲಸ.

ಕೈಯ ಹದ

ಚೀಲದ ಮೇಲೆ ಹೇಳಿದಷ್ಟೇ ನೀರನ್ನು ಅಳೆದು ಹಾಕಬೇಕು. ಬಿಗಿಯತೊಡಗಿದ ಮಿಶ್ರಣಕ್ಕೆ ಮತ್ತೆ ನೀರು ಬೆರೆಸಬಾರದು. ಹಾಗೆ ಮಾಡಿದರೆ ಲೇಪ ಪುಡಿಪುಡಿಯಾಗುವುದು. ನೇರ ಬಿಸಿಲು ಬೀಳುವ ಗೋಡೆಯಲ್ಲಿ ಲೇಪವು ಉಜ್ಜುವ ಮೊದಲೇ ಒಣಗುವುದರಿಂದ, ನೆರಳನ್ನು ಅನುಸರಿಸಿ ಕೆಲಸ ನಡೆಯಬೇಕು.

ಮೇಲಿನಿಂದ ಕೆಳಕ್ಕೆ, ಉಕ್ಕಿನ ಕರಣೆಯನ್ನು ತುಸು ಓರೆಯಾಗಿ ಹಿಡಿದು ಎಳೆಯಬೇಕು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಮೇಲು. ಮೊದಲನೆಯದು ಗಟ್ಟಿಯಾದ ಮೇಲೆ ಎರಡನೆಯದು. ಒಂದು ಗೋಡೆಯನ್ನು ಹಿಡಿದರೆ ಮೂಲೆ ಮುಟ್ಟುವವರೆಗೆ ನಿಲ್ಲಿಸಬಾರದು. ನಡುವೆ ನಿಂತರೆ ಒಣಗಿದ ಅಂಚು ಗೆರೆಯಾಗಿ ಉಳಿಯುವುದು. ಆದ್ದರಿಂದ ದೊಡ್ಡ ಗೋಡೆಗೆ ಒಬ್ಬರು ಬಳಿಯಲು, ಇನ್ನೊಬ್ಬರು ಹಿಂದಿನಿಂದ ಉಜ್ಜಲು, ಹೀಗೆ ಇಬ್ಬರಾದರೂ ಬೇಕು.

ಉಜ್ಜುವ ಹೊತ್ತನ್ನು ಬೆರಳೇ ಹೇಳುವುದು. ಮುಟ್ಟಿದಾಗ ಲೇಪ ಬೆರಳಿಗೆ ಅಂಟದೆ, ಒತ್ತಿದರೆ ಸಣ್ಣ ಗುರುತು ಮೂಡುವಂತಿದ್ದರೆ ಅದೇ ಹದ. ಆಗ ತೇವದ ಸ್ಪಂಜನ್ನು ಹಗುರವಾಗಿ ಸುತ್ತಿಸುತ್ತ ಉಜ್ಜಬೇಕು. ಬೇಗನೆ ಉಜ್ಜಿದರೆ ಲೇಪ ಕಿತ್ತು ಬರುವುದು. ತಡವಾದರೆ ಕರಣೆಯ ಕಪ್ಪು ಗುರುತು ಬೀಳುವುದು. ನುಣುಪು ಸಾಲದೆಂದು ನೀರು ಚಿಮುಕಿಸಿ ಮತ್ತೆ ಮತ್ತೆ ತಿಕ್ಕಿದರೆ ಸಿಮೆಂಟಿನ ಹಾಲು ಮೇಲೆ ಬಂದು, ಒಣಗಿದ ಮೇಲೆ ಸಣ್ಣ ಬಿರುಕುಗಳ ಬಲೆ ಹೆಣೆದುಕೊಳ್ಳುವುದು.

ಮಣ್ಣಿನ ಗೋಡೆಯವರಿಗೆ ಒಂದು ಮಾತು

ನಮ್ಮ ಹಳ್ಳಿಗಳ ಹಳೆಯ ಮಣ್ಣಿನ ಗೋಡೆಗಳಿಗೆ ಈ ಲೇಪ ಸಲ್ಲದು. ಅವು ನೆಲದ ಹಸಿಯನ್ನು ಹೀರಿ ಗಾಳಿಗೆ ಬಿಡುತ್ತ ಬಾಳುವ ಗೋಡೆಗಳು. ಆ ದಾರಿಯನ್ನು ಮುಚ್ಚಿದರೆ ಒಳಗಿನ ಮಣ್ಣೇ ಸಡಿಲವಾಗುವುದು. ಅವಕ್ಕೆ ಮಣ್ಣಿನ ಗಿಲಾವು, ಸುಣ್ಣದ ಲೇಪಗಳೇ ತಕ್ಕವು.

ಮರುವರ್ಷ ಬೇಸಿಗೆಯಲ್ಲಿ ನಾವು ಅದೇ ಗೌಂಡಿಯವರ ಮನೆಗೆ ಹೋಗಿ, ತಡೆಹಿಡಿದಿದ್ದ ಹಣವನ್ನು ಕೊಟ್ಟು ತಪ್ಪೊಪ್ಪಿಕೊಂಡೆವು. ಅವರು ದುಡ್ಡನ್ನು ಎಣಿಸಲಿಲ್ಲ. “ಈ ಸಲಾ ಅವಸರ ಇಲ್ಲಲ್ರೀ?” ಎಂದಷ್ಟೇ ಕೇಳಿದರು. ಹಳೆಯ ಲೇಪವನ್ನು ಕೆರೆದು, ತಳ ಒಣಗಿದ ಮೇಲೆ ಎರಡು ತೆಳು ಲೇಪ ಕೊಟ್ಟರು. ಅನಂತರದ ಮಳೆಗಾಲಗಳನ್ನು ಆ ಗೋಡೆ ತಾಳಿಕೊಂಡಿದೆ.

ಗೃಹಪ್ರವೇಶಕ್ಕೋ ಮದುವೆಗೋ ಮನೆಯನ್ನು ಸಿದ್ಧಗೊಳಿಸುವ ಬಂಧುಗಳು ಮುಹೂರ್ತದಿಂದ ಹಿಂದಕ್ಕೆ ದಿನಗಳನ್ನೆಣಿಸಲಿ. ಗೋಡೆಯ ಗಿಲಾವು ಕನಿಷ್ಠ ಒಂದೂವರೆ ತಿಂಗಳು ಮುಂಚೆಯೇ ಮುಗಿದಿರಲಿ. ಅಷ್ಟು ದಿನಗಳಿಲ್ಲವಾದರೆ ಗೋಡೆಯನ್ನು ಬರಿದಾಗಿಯೇ ಬಿಟ್ಟು ಬಾಗಿಲಿಗೆ ತೋರಣ ಕಟ್ಟುವುದು ಲೇಸು. ಬೀಗರು ಅದನ್ನು ಕೊರತೆಯೆಂದು ಎಣಿಸಲಾರರು.