ಮೂತಿಯೂರಿ ನಿಲ್ಲುವ ವಿಮಾನ

ಪ್ರಶ್ನೆ: ಅಮೆರಿಕದ ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಂಡ ‘ಲಾಂಗ್-ಈಜಿ’ ವಿಮಾನದ ಚಿತ್ರಗಳಲ್ಲಿ ಅದು ಮೂತಿಯನ್ನು ನೆಲಕ್ಕೆ ಊರಿ ನಿಂತಿರುತ್ತದೆ. ಚಕ್ರ ಮುರಿದಿರುತ್ತದೆಯೇ?

ಇಲ್ಲ, ಬೇಕೆಂದೇ ಹಾಗೆ ನಿಲ್ಲಿಸುತ್ತಾರೆ. ಬರ್ಟ್ ರುಟಾನ್ ವಿನ್ಯಾಸದ ಈ ವಿಮಾನ ಮೊದಲು ಹಾರಿದ್ದು 1979ರಲ್ಲಿ. ಫೋಮನ್ನು ಬೇಕಾದ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ಅಂಟು ಬಳಿದು ಕಟ್ಟುವ ಇದಕ್ಕೆ ಎಂಜಿನ್, ಪ್ರೊಪೆಲರ್ ಎರಡೂ ಹಿಂದೆ. ಮುಂದೆ ಪೈಲಟ್ ಕೂತರೆ ತೂಕ ಸರಿಹೋಗುತ್ತದೆ. ಆತ ಇಳಿದರೆ, ಹಿಂದೆ ಹೇರು ಹೆಚ್ಚಾದ ಎತ್ತಿನ ಗಾಡಿಯ ನೊಗ ಮೇಲೇಳುವಂತೆ, ಮೂತಿ ಮೇಲೆದ್ದು ಹಿಂಭಾಗ ನೆಲಕ್ಕೆ ಬಡಿಯಬಹುದು. ಅದಕ್ಕೇ ಮೂತಿಯ ಚಕ್ರವನ್ನು ಒಳಕ್ಕೆ ಮಡಚಿಡುತ್ತಾರೆ.

ಎಂಜಿನ್ ಬದಲಿಸುವವರಿಗೂ ಇದೇ ತಲೆನೋವು. ನಕ್ಷೆಯಲ್ಲಿ ಹೇಳಿದ್ದಕ್ಕಿಂತ ಭಾರದ ಎಂಜಿನ್ ಕೂರಿಸಿದರೆ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ಲಾಂಗ್-ಈಜಿಯ ಮೂತಿಯ ಬಳಿ ಒಂದು ಕಿರುರೆಕ್ಕೆಯಿದೆ. ವೇಗ ತೀರಾ ಕುಗ್ಗಿದಾಗ ಎತ್ತುವ ಶಕ್ತಿಯನ್ನು ಮೊದಲು ಕಳೆದುಕೊಳ್ಳುವುದು ಅದು. ಆಗ ಮೂತಿ ತಾನಾಗಿ ತಗ್ಗಿ ವೇಗ ಮರಳುತ್ತದೆ. ಜಾಣ ಏರ್ಪಾಡು! ಆದರೆ ಗುರುತ್ವ ಕೇಂದ್ರ ಮಿತಿಮೀರಿ ಹಿಂದಿದ್ದರೆ ದೊಡ್ಡ ರೆಕ್ಕೆಯೇ ಮೊದಲು ಸೋಲಬಹುದು, ಆಮೇಲೆ ಚೇತರಿಸಿಕೊಳ್ಳುವುದು ಬಲು ಕಷ್ಟ.

ಆದ್ದರಿಂದ ಬ್ಯಾಟರಿಯನ್ನು ಮೂತಿಗೆ ಸಾಗಿಸುತ್ತಾರೆ. ಸಾಲದಿದ್ದರೆ ಅಲ್ಲಿ ಸೀಸದ ಗಟ್ಟಿಯನ್ನೂ ಬಿಗಿಯುತ್ತಾರೆ. ಗ್ರಾಂ ಗ್ರಾಂ ಉಳಿಸಿ ಕಟ್ಟಿದ ವಿಮಾನಕ್ಕೆ ಸೀಸ ಹೊರಿಸುವುದು ತಮಾಷೆಯಾಗಿ ಕಂಡೀತು, ಬೇರೆ ದಾರಿಯಿಲ್ಲ. ಕೊನೆಗೆ ಮೂರೂ ಚಕ್ರಗಳ ಕೆಳಗೆ ತೂಕದ ಯಂತ್ರವಿಟ್ಟು ಹೊಸದಾಗಿ ತೂಗಿ, ಗುರುತ್ವ ಕೇಂದ್ರ ಎಲ್ಲಿದೆಯೆಂದು ಲೆಕ್ಕ ಹಾಕಿದ ಮೇಲೆಯೇ ಹಾರಾಟ.